ಅಪರಿಚಿತ ತೋಟಾದ ಮೌಲ್ಯಮಾಪನ

ಆತ್ಮರಕ್ಷಣೆ ಎಂಬುದು ಮೇಲಧಿಕಾರಿಗಳ ಅನುಮತಿ ಪಡೆದು, ಕಚೇರಿಯ ವೇಳೆಯಲ್ಲಿ, ಅನುಮೋದಿತ ಸಾಮಗ್ರಿಯಿಂದ ಮಾತ್ರ ಮಾಡತಕ್ಕ ಕೆಲಸ. ಇದು ನಗರ ಕಾವಲು ಇಲಾಖೆಯ ಮೂಲತತ್ವ. ಇಲಾಖೆ ಹುಟ್ಟಿದಂದಿನಿಂದ ಈ ತತ್ವಕ್ಕೆ ಒಮ್ಮೆಯೂ ಧಕ್ಕೆ ಬಂದಿಲ್ಲ. ಧಕ್ಕೆ ಬಂದದ್ದೆಲ್ಲ ಕಾವಲುಗಾರರಿಗೆ.

ತೀರಾ ಈಚೆಗೆ ಧಕ್ಕೆಯಾದದ್ದು ತೂಕದಮ್ಮನ ಗಂಡನ ಎಡಭುಜಕ್ಕೆ.

ತೂಕದಮ್ಮ ಅಂದರೆ ಇಲಾಖೆಯ ಮೌಲ್ಯಮಾಪನ ಶಾಖೆಯ ಅಧಿಕಾರಿ. ಮೊದಲು ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದಳು. ಪೇಟೆಯ ತಕ್ಕಡಿಗಳನ್ನೆಲ್ಲ ನೆಟ್ಟಗೆ ಮಾಡಿದ ಕಾರಣಕ್ಕೆ ಎತ್ತಂಗಡಿಯಾಗಿ ಇಲ್ಲಿಗೆ ಬಂದಳು. ಹೆಸರು ಮಾತ್ರ ಹಿಂದೆಯೇ ಬಂತು. ಕಾವಲುಗಾರರಿಗೆ ಕೊಡುವ ಸೀಟಿ, ಬೂಟು, ಟಾರ್ಚು, ಬೀಗ ಇವೆಲ್ಲ ಕೆಲಸಕ್ಕೆ ಬರುತ್ತವೋ ಇಲ್ಲವೋ ನೋಡಿ ಹೇಳುವುದು ಅವಳ ಜವಾಬ್ದಾರಿ. ಸೀಟಿಯನ್ನು ಮುಖ ಕೆಂಪಗಾಗುವವರೆಗೆ ಊದುತ್ತಿದ್ದಳು. ಬೂಟನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಒಣಗಿಸಿ, ಮತ್ತೆ ನೆನೆಹಾಕುತ್ತಿದ್ದಳು. ಇಷ್ಟು ಶ್ರದ್ಧೆ ಇಲಾಖೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರೂ ಅವಳ ಮೇಲೆ ಕನಿಕರಪಡುತ್ತಿದ್ದರು.

ಅವಳ ಗಂಡ ಅದೇ ಕಚೇರಿಯ ಗೇಟಿನ ಕಾವಲುಗಾರ. ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು. ಗೇಟು ಮುಟ್ಟಿದೊಡನೆ ಅವನು ಇಳಿದು, ಟೋಪಿ ಹಾಕಿಕೊಂಡು, ಹೆಂಡತಿಗೆ ಸೆಲ್ಯೂಟ್ ಹೊಡೆದು, ಗುರುತಿನ ಚೀಟಿ ಕೇಳುತ್ತಿದ್ದ. ಅವಳು ತೋರಿಸುತ್ತಿದ್ದಳು. ಅವನು ಫೋಟೋವನ್ನೂ ಮುಖವನ್ನೂ ಎರಡೆರಡು ಸಲ ನೋಡಿ ಒಳಗೆ ಬಿಡುತ್ತಿದ್ದ. ಇದರಲ್ಲಿ ಇಬ್ಬರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ.

ಒಂದು ದಿನ ಹಾಡುಹಗಲಿನಲ್ಲಿ, ಲೈಸೆನ್ಸಿನ ಶುಲ್ಕ ಕಟ್ಟುವ ಕೌಂಟರಿಗೆ ಒಬ್ಬ ಕಳ್ಳ ಬಂದು ಹಣದ ಪೆಟ್ಟಿಗೆಯನ್ನೆತ್ತಿ ಹೆಗಲಿಗೇರಿಸಿಕೊಂಡು ಗೇಟಿನತ್ತ ನಡೆದ. ತೂಕದಮ್ಮನ ಗಂಡ ರಿವಾಲ್ವರ್ ಎತ್ತಿ ಹಿಡಿದು, "ನಿಲ್ಲು!" ಅಂದ.

ಕಳ್ಳ ನಿಂತ. "ಅಣ್ಣ, ಅದರಲ್ಲಿ ತೋಟಾ ಇದೆಯಾ?" ಅಂತ ಕೇಳಿದ.

ಕಾವಲುಗಾರನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲ," ಅಂದ.

ಕಳ್ಳ ಅಲ್ಲೇ ಇದ್ದ ಸ್ಟೂಲಿನಿಂದ ಅವನ ಭುಜಕ್ಕೊಂದು ಬಿಟ್ಟು, ಸ್ಟೂಲನ್ನು ಇದ್ದ ಜಾಗದಲ್ಲೇ ಇಟ್ಟು, ಹೊರಟುಹೋದ.

ತೋಟಾ ಯಾಕೆ ಇರಲಿಲ್ಲ ಎಂದರೆ, ಇಲಾಖೆಯ ರಿವಾಲ್ವರುಗಳಿಗೆ ಹೊಂದುವ ತೋಟಾ ಪೇಟೆಯಲ್ಲೇ ಇರಲಿಲ್ಲ. ಯಾರೋ ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಸಗಟಾಗಿ ಕೊಂಡು ತಂದ ರಿವಾಲ್ವರುಗಳವು. ದೊಡ್ಡ ಅಳತೆಯ ತೋಟಾ ಅವುಗಳ ಗೂಡಿನೊಳಗೆ ಇಳಿಯುತ್ತಿರಲಿಲ್ಲ. ಸಣ್ಣದು ಇಳಿದರೂ ನಿಲ್ಲುತ್ತಿರಲಿಲ್ಲ, ರಿವಾಲ್ವರ್ ಸ್ವಲ್ಪ ಬಾಗಿಸಿದರೆ ಉದುರಿ ನೆಲದ ಮೇಲೆ ಉರುಳಾಡುತ್ತಿತ್ತು. ಎರಡರ ನಡುವಿನ ಅಳತೆಯ ತೋಟಾವನ್ನು ಇಡೀ ಲೋಕದಲ್ಲಿ ತಯಾರಿಸುತ್ತಿದ್ದವರು ಒಬ್ಬರೇ. ಮೊದಲು ಬಾಟಲಿಯ ಮುಚ್ಚಳ ತಯಾರಿಸುತ್ತಿದ್ದು ಈಚೆಗೆ ಈ ಉದ್ಯಮಕ್ಕೆ ಕಾಲಿಟ್ಟವರು. ಅವರು ಇಲಾಖೆಯ ನಿರ್ದೇಶಕರ ಹೆಂಡತಿಯ ತಮ್ಮ ಎಂಬುದು ಕೇವಲ ಕಾಕತಾಳೀಯ. ಹಾಗೆಂದು ನಿರ್ದೇಶಕರೇ ಸುತ್ತೋಲೆ ಹೊರಡಿಸಿದ್ದರು.

ಸ್ಟೂಲಿನ ಘಟನೆಯಾದ ಮೇಲೆ ನಿರ್ದೇಶಕರು ಆ ತೋಟಾವನ್ನು ಕೊಳ್ಳಲೇಬೇಕೆಂದು ತೀರ್ಮಾನಿಸಿ, ಕೊಳ್ಳಬಹುದೋ ಬೇಡವೋ ಎಂದು ಪರೀಕ್ಷಿಸಲು ಸಮಿತಿ ನೇಮಿಸಿದರು. ತೂಕದಮ್ಮ ಅದರ ಸಂಚಾಲಕಿ.

ಅಂದು ಸಂಜೆ ಮನೆಯಲ್ಲಿ ಗಂಡ ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದ. ಅತ್ತೆ ಎದುರಿಗೆ ಕೂತು ಮಗನನ್ನೇ ನೋಡುತ್ತಿದ್ದರು.

"ಅದೇನೋ ತೋಟಾ ಬಂದಿದೆಯಂತಲ್ಲ ಕಣೇ," ಅಂದರು ಅತ್ತೆ. "ನೀನೇ ನೋಡಿ ಹೇಳೋದಂತೆ?"

"ಹೌದು ಅತ್ತೆ."

"ನೋಡಮ್ಮ, ಬೂಟು ಸೀಟಿ ಥರ ಅಲ್ಲ ಇದು. ಇರೋನು ಒಬ್ಬನೇ ಮಗ, ನಿನಗೂ ಇರೋನು ಒಬ್ಬನೇ ಗಂಡ. ಸರಿಯಾಗಿ ನೋಡು."

"ನೀನು ಪಾಸು ಅಂತ ಬರಿ, ನಾನು ಅದನ್ನೇ ತುಂಬ್ಕೊಂಡು ನಿಲ್ತೀನಿ," ಅಂದ ಗಂಡ. "ಫೇಲು ಅಂತ ಬರೆದ್ರೆ ಖಾಲಿಯಲ್ಲೇ ನಿಲ್ತೀನಿ. ನಿಲ್ಲೋದಂತೂ ನಿಲ್ಲಲೇಬೇಕು."

ಈ ಮಾತು ತೂಕದಮ್ಮನ ಎದೆಗೆ ನಾಟಿತು. ಯಾವ ಅಳತೆಯ ತೋಟಾ ಆದರೂ ಅಷ್ಟು ಒಳಗೆ ಹೋಗುತ್ತಿರಲಿಲ್ಲ.

ಸಮಿತಿಯ ಮೊದಲ ಸಭೆಗೆ ಕರೆಯದೆಯೇ ಒಬ್ಬರು ಬಂದು ಕೂತಿದ್ದರು. ದಪ್ಪ ಮೀಸೆ, ಉಗುರಿನಲ್ಲಿ ಮಣ್ಣು. ವಿಚಾರಿಸಿದರೆ ನಗರದ ಉದ್ಯಾನ ಇಲಾಖೆಯ ಮೇಲ್ವಿಚಾರಕರು. ಸಮಿತಿಯ ಆದೇಶದ ಒಂದು ಪ್ರತಿ ಟೈಪು ಮಾಡುವಾಗ ಒಂದು ದೀರ್ಘ ಬಿಟ್ಟುಹೋಗಿ, "ಅಷ್ಟಾಗಿ ಪರಿಚಯವಿಲ್ಲದ ತೋಟಾದ ಮೌಲ್ಯಮಾಪನ" ಎಂಬುದು "ಅಷ್ಟಾಗಿ ಪರಿಚಯವಿಲ್ಲದ ತೋಟದ ಮೌಲ್ಯಮಾಪನ" ಎಂದಾಗಿತ್ತು. ತೋಟ ಎಂದಮೇಲೆ ಅವರ ಇಲಾಖೆಗೆ ಕಾಗದ ಹೋಗಿತ್ತು.

"ತಪ್ಪಾಗಿದೆ ಸಾರ್, ನೀವು ಹೊರಡಬಹುದು," ಅಂದಳು ತೂಕದಮ್ಮ.

"ಹಾಗೆಲ್ಲ ಹೊರಡೋಕಾಗಲ್ಲ ಮೇಡಂ," ಅಂದರು ನಿಯಮಾಧಿಕಾರಿಗಳು. ನಿಯಮಾಧಿಕಾರಿಗಳೆಂದರೆ ಸಮಿತಿಯ ಮೂರನೆಯ ಸದಸ್ಯರು. ತೆಳ್ಳನೆಯ ಆಳು, ತಾನೇ ಹೊರಲಾರದಷ್ಟು ದಪ್ಪದ ನಿಯಮಾವಳಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿರುತ್ತಿದ್ದರು. "ತಪ್ಪಾಗಿ ನೇಮಕ ಆದವರನ್ನ ತೆಗೀಬೇಕಾದ್ರೆ ಸರಿಯಾಗಿ ನೇಮಕ ಆದವರನ್ನೂ ತೆಗೀಬೇಕು. ಸಮಾನತೆ."

"ತೋಟಾ ಅನ್ನೋ ಪದಾನೇ ಬಿಟ್ಟು ಕಾಡತೂಸು ಅಂತ ಬರೆದಿದ್ರೆ ಈ ಗೊಂದಲ ಇರ್ತಿರಲಿಲ್ಲ," ಅಂದರು ಅಧ್ಯಕ್ಷ ಸ್ಥಾನದಲ್ಲಿದ್ದ ನಿರ್ದೇಶಕರು.

"ಆಗ ಅರಣ್ಯ ಇಲಾಖೆಯವರು ಬಂದಿರೋರು ಸಾರ್," ಅಂದರು ಉದ್ಯಾನದವರು. ಅದು ಎಲ್ಲರಿಗೂ ಸರಿಯೆನಿಸಿತು. ಅವರು ಉಳಿದರು.

ಕೆಂಪು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಾದರಿಗಳು ಬಂದವು. ಹಿತ್ತಾಳೆಯ ಬಣ್ಣ, ಕನ್ನಡಿಯಂಥ ಹೊಳಪು. ನಿರ್ದೇಶಕರು ಒಂದನ್ನು ಬೆರಳುಗಳ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, "ಎಂಥಾ ಕಳೆ!" ಅಂದರು. ನಿಯಮಾಧಿಕಾರಿಗಳು ಕಿವಿಯ ಹತ್ತಿರ ಅಲ್ಲಾಡಿಸಿದರು. ಉದ್ಯಾನದವರು ಮೂಸಿ ನೋಡಿ, ದಿನಕ್ಕೆ ಎಷ್ಟು ಬಿಸಿಲು ಬೇಕು ಎಂದು ವಿಚಾರಿಸಿ ಬರೆದುಕೊಂಡರು.

ತೂಕದಮ್ಮ ತನ್ನ ಹಳೆಯ ಚಿಕ್ಕ ತಕ್ಕಡಿ ತಂದಿದ್ದಳು. ಒಂದು ತೋಟಾ ತೂಗಿ ನೋಡಿದಳು. ಇರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ. ಒಳಗೆ ಮದ್ದು ಇರಬೇಕಾದ ಜಾಗದಲ್ಲಿ ಬರೀ ನಂಬಿಕೆ ತುಂಬಿದ್ದಾರೇನೋ ಎನಿಸಿತು.

"ಸಾರ್, ಒಂದನ್ನ ಮರಳಿನ ಮೂಟೆಗೆ ಹಾರಿಸಿ ನೋಡೋಣ. ಎಷ್ಟು ಒಳಗೆ ಹೋಗುತ್ತೆ, ಕೈಗೆ ಎಷ್ಟು ಒದೆಯುತ್ತೆ, ಎದುರು ಬರೋನನ್ನ ನಿಲ್ಲಿಸೋ ಶಕ್ತಿ ಇದೆಯಾ ಅಂತ ಗೊತ್ತಾಗುತ್ತೆ."

ನಿಯಮಾಧಿಕಾರಿಗಳ ಮುಖ ಬಿಳಿಚಿಕೊಂಡಿತು. "ಹಾರಿಸೋದಾ? ಮೇಡಂ, ಮಾದರಿಯನ್ನ ಬಂದ ಸ್ಥಿತಿಯಲ್ಲೇ ವಾಪಸ್ ಮಾಡಬೇಕು. ಅಲ್ಲದೆ, ಹಾರಿಸಿದ ತೋಟಾ ತೋಟಾನೇ ಅಲ್ಲ, ಖಾಲಿ ಕೊಳವೆ. ಖಾಲಿ ಕೊಳವೆಯ ಮೌಲ್ಯಮಾಪನಕ್ಕೆ ನಮಗೆ ಆದೇಶ ಎಲ್ಲಿದೆ?"

"ಹಾರಿಸದೆ ಅದು ಹೇಗಿದೆ ಅಂತ ಹೇಗೆ ತಿಳಿಯೋದು?"

"ಮದುವೆಯಾಗದೇನೇ ಹೆಣ್ಣು ನೋಡಿ ಒಪ್ಪಲ್ವೇನ್ರೀ?" ಅಂದರು ನಿರ್ದೇಶಕರು.

ಇನ್ನೊಂದು ತೊಡಕೂ ಇತ್ತು. ಆದೇಶದಲ್ಲಿ "ಅಷ್ಟಾಗಿ ಪರಿಚಯವಿಲ್ಲದ ತೋಟಾ" ಎಂದಿತ್ತಲ್ಲ, ಮೌಲ್ಯಮಾಪನ ಮಾಡುತ್ತಾ ಹೋದಂತೆ ಸದಸ್ಯರಿಗೆ ಅದರ ಪರಿಚಯವಾಗಿಬಿಡುವ ಅಪಾಯವಿತ್ತು. ಪರಿಚಯವಾದರೆ ಆದೇಶ ಅದಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಸದಸ್ಯರು ಪ್ರತಿ ಸಭೆಯಲ್ಲೂ ತೋಟಾವನ್ನು ಮೊದಲ ಸಲ ನೋಡುತ್ತಿರುವಂತೆ ನೋಡತಕ್ಕದ್ದು ಎಂದು ನಿರ್ಣಯವಾಯಿತು. ನಿರ್ದೇಶಕರು ಆ ನಿರ್ಣಯವನ್ನು ಬಹಳ ಚೆನ್ನಾಗಿ ಪಾಲಿಸಿದರು. ಮುಂದಿನ ಸಭೆಯಲ್ಲೂ ಪೆಟ್ಟಿಗೆ ತೆರೆದು, "ಅರೆ, ಏನಿದು!" ಅಂದರು.

ಹೀಗೆ ಸಭೆಯ ಮೇಲೆ ಸಭೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಅದೇ ಕಳ್ಳ ಬಂದ. ಹೆಗಲ ಮೇಲೆ ಅದೇ ಪೆಟ್ಟಿಗೆ. ತೂಕದಮ್ಮನ ಗಂಡ ಖಾಲಿ ರಿವಾಲ್ವರಿಗೆ ಕೈ ಹಾಕಿದ.

"ಅಣ್ಣ, ಭುಜ ಹೇಗಿದೆ?" ಅಂದ ಕಳ್ಳ.

"ಮೇಲೆತ್ತಿದ್ರೆ ನೋವು."

"ಎತ್ತಬೇಡಿ ಹಾಗಾದ್ರೆ. ಈ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ? ಸುತ್ತಿಗೆ ಹಾಕ್ದೆ, ಗರಗಸ ಹಾಕ್ದೆ, ಬಾವಿಗೂ ಎಸೆದೆ, ಬೀಗ ಜಪ್ಪಯ್ಯ ಅನ್ನಲಿಲ್ಲ."

ಆ ಬೀಗವನ್ನು ಪಾಸು ಮಾಡಿದ್ದು ತೂಕದಮ್ಮ. ಗಂಡನಿಗೆ ಒಳಗೊಳಗೇ ಹೆಮ್ಮೆಯಾಯಿತು. ಬಂದವರು ಏನು ಕೇಳಿದರೂ ವಿಚಾರಣೆಗೆ ಎರಡನೇ ಮಹಡಿಗೆ ಕಳಿಸಬೇಕೆಂಬುದು ಗೇಟಿನ ನಿಯಮ. "ಮೆಟ್ಟಿಲು ಹತ್ತಿ ಎಡಕ್ಕೆ ಹೋಗಿ," ಅಂದ.

ಕಳ್ಳ ಎಡಕ್ಕೆ ಹೋಗಿ ಬಾಗಿಲು ತಳ್ಳಿದಾಗ ಸಮಿತಿ ಸಭೆ ನಡೆಯುತ್ತಿತ್ತು. ಆತ್ಮರಕ್ಷಣೆ ಎಂದ ಮೇಲೆ ಆಕ್ರಮಣಕಾರರ ಅಭಿಪ್ರಾಯ ಕೇಳದೆ ವರದಿ ಸಲ್ಲಿಸಿದರೆ ಏಕಪಕ್ಷೀಯವಾಗುತ್ತದೆ ಎಂದು ನಿಯಮಾಧಿಕಾರಿಗಳು ಆಗತಾನೇ ಹೇಳಿ ಮುಗಿಸಿದ್ದರು. ಆಕ್ರಮಣಕಾರರನ್ನು ಎಲ್ಲಿಂದ ತರುವುದು ಎಂದು ಎಲ್ಲರೂ ಚಾವಣಿ ನೋಡುತ್ತಿದ್ದರು.

"ನೀವು ಯಾರು?" ಅಂದರು ನಿರ್ದೇಶಕರು.

"ಕಳ್ಳ, ಸಾರ್. ಈ ಪೆಟ್ಟಿಗೆ ಬೀಗದ ಕೈ ಬೇಕಿತ್ತು."

"ಬೀಗದ ಕೈ ಬೇರೆ ಶಾಖೆ. ನೀವು ಆಕ್ರಮಣ ಮಾಡಿದ ಅನುಭವ ಇದೆಯಾ?"

"ಇಲ್ಲೇ ಮಾಡಿದ್ದೆ. ಸ್ಟೂಲಿಂದ."

ನಿರ್ದೇಶಕರು ಎದ್ದು ಕೈ ಕುಲುಕಿದರು. ಅವನಿಗೊಂದು ಕುರ್ಚಿ, ಒಂದು ಲೋಟ ಚಹಾ, ಮುಂದೆ "ಆಕ್ರಮಣಕಾರರ ಪ್ರತಿನಿಧಿ" ಎಂಬ ಮರದ ಫಲಕ ಬಂತು. ಸದಸ್ಯರಿಗೆ ಪ್ರಯಾಣಭತ್ಯೆ, ದಿನಭತ್ಯೆ ಎರಡೂ ಉಂಟೆಂದು ನಿಯಮಾಧಿಕಾರಿಗಳು ಓದಿ ಹೇಳಿದಾಗ ಕಳ್ಳ ಬೆರಗಾಗಿ, "ನಾನು ಇಲ್ಲಿಗೆ ಬರೋದಕ್ಕೆ ನೀವೇ ದುಡ್ಡು ಕೊಡ್ತೀರಾ?" ಅಂತ ಕೇಳಿದ. ಹೌದೆಂದರು. ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದ. ಮತ್ತೆ ಅದರ ಮಾತೆತ್ತಲಿಲ್ಲ.

ತೂಕದಮ್ಮನಿಗೆ ಅವನ ಎದುರು ಕೂರುವುದು ಮೊದಲು ಕಷ್ಟವಾಯಿತು. ಗಂಡನ ಭುಜಕ್ಕೆ ಹೊಡೆದ ಕೈಯಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ. ಆದರೆ ಸಮಿತಿಯಲ್ಲಿ ಅವಳ ಮಾತಿಗೆ ಬೆಂಬಲ ಕೊಟ್ಟವನೂ ಅವನೊಬ್ಬನೇ.

"ಮೇಡಂ ಹೇಳೋದು ಸರಿ," ಅಂದ. "ಹಾರಿಸಿ ನೋಡದೆ ನಾನು ಅಭಿಪ್ರಾಯ ಹೇಗೆ ಕೊಡ್ಲಿ? ನಾಳೆ ನಮ್ಮವರಿಗೆ ನಾನು ಮುಖ ತೋರಿಸಬೇಕಲ್ಲ. ನನ್ನ ಮೇಲೇ ಹಾರಿಸಿ."

"ಮಾದರಿ ವಾಪಸ್..." ಎಂದು ನಿಯಮಾಧಿಕಾರಿಗಳು ಬಾಯಿ ತೆರೆದವರು ಅಲ್ಲೇ ನಿಂತರು. ನಿಯಮಾವಳಿಯ ಹಾಳೆ ಮಗುಚಿದರು. ಅವರ ಕಣ್ಣಲ್ಲಿ ನೀರು ಬಂತು. "ಸಿಕ್ತು! ಸಭೆಯಲ್ಲಿ ಸದಸ್ಯರಿಗೆ ಒದಗಿಸಿದ ಪದಾರ್ಥವನ್ನು ವಾಪಸ್ ಕೇಳತಕ್ಕದ್ದಲ್ಲ. ಚಹಾ ಬಿಸ್ಕತ್ತಿನ ನಿಯಮ. ಇವರು ಸದಸ್ಯರು. ತೋಟಾವನ್ನ ಇವರಿಗೆ ಉಪಾಹಾರವಾಗಿ ಕೊಡಬಹುದು!"

"ಕೊಡಿ," ಅಂದ ಕಳ್ಳ.

ಪರೀಕ್ಷೆಯ ದಿನ ಎಲ್ಲರೂ ಕಚೇರಿಯ ಹಿಂಬದಿಯ ಅಂಗಳದಲ್ಲಿ ಸೇರಿದರು. ಕೆಲಸ ಬಿಟ್ಟು ಬರತಕ್ಕದ್ದಲ್ಲ ಎಂದು ಪ್ರಕಟಣೆ ಹೊರಟಿದ್ದರಿಂದ ಸಿಬ್ಬಂದಿಗೆಲ್ಲ ವಿಷಯ ತಿಳಿದು ಪ್ರತಿ ಕಿಟಕಿಯಲ್ಲೂ ತಲೆಗಳಿದ್ದವು. ಉದ್ಯಾನದವರು ತೋಟಾದ ಪರಿಣಾಮ ನೋಡಲೆಂದು ಒಂದು ಗುಲಾಬಿಯ ಕುಂಡ ತಂದಿಟ್ಟಿದ್ದರು.

ಗುಂಡು ಹಾರಿಸುವವನು ತೂಕದಮ್ಮನ ಗಂಡ. ಎದುರು ಬರುವವನು ಕಳ್ಳ. ತೂಕದಮ್ಮನಿಗೆ ಹಿಂದಿನ ದಿನದಿಂದ ಅನ್ನ ಇಳಿದಿರಲಿಲ್ಲ. ತೋಟಾ ಕೆಲಸ ಮಾಡಿದರೆ ಒಬ್ಬ ಸದಸ್ಯ ಸಾಯುತ್ತಾನೆ. ಮಾಡದಿದ್ದರೆ ಗಂಡ ನಾಳೆ ಯಾರ ಕೈಯಲ್ಲೋ ಸಾಯುತ್ತಾನೆ. ದಾಖಲೆಗಳ ಕೋಣೆಯಿಂದ ಹಳೆಯ ಅರ್ಜಿಗಳ ಕಟ್ಟುಗಳನ್ನು ಹೊತ್ತು ತಂದು ಕಳ್ಳನ ಎದೆ, ಹೊಟ್ಟೆ, ತೊಡೆಗಳಿಗೆ ತಾನೇ ದಾರದಿಂದ ಬಿಗಿದಳು. ಆ ಅರ್ಜಿಗಳೊಳಗೆ ಇದುವರೆಗೆ ಯಾರ ಕಣ್ಣೂ ಹೊಕ್ಕಿರಲಿಲ್ಲ. ಗುಂಡೂ ಹೊಗದು ಎಂಬ ಧೈರ್ಯ.

"ಉಸಿರಾಡೋಕೆ ಆಗ್ತಿದೆಯಾ?" ಅಂತ ಕೇಳಿದಳು.

"ಸ್ವಲ್ಪ ಸಡಿಲ ಮಾಡಿ ಅಕ್ಕ. ಹೂಂ, ಈಗ ಸರಿ." ಆಮೇಲೆ, "ಭಾವನ ಗುರಿ ಹೇಗೆ?" ಅಂದ. ಅವಳು ಅಕ್ಕನಾದ ಮೇಲೆ ಅವಳ ಗಂಡ ಭಾವನಾಗಲೇಬೇಕಲ್ಲ.

"ಮನೆಯಲ್ಲಿ ಸೊಳ್ಳೆಗೂ ತಗಲಲ್ಲ," ಅಂದಳು ತೂಕದಮ್ಮ. ಇಬ್ಬರಿಗೂ ಸ್ವಲ್ಪ ಸಮಾಧಾನವಾಯಿತು.

ನಿರ್ದೇಶಕರು ಕರವಸ್ತ್ರ ಬೀಸಿದರು. ಕಳ್ಳ ಅರ್ಜಿಗಳ ಭಾರಕ್ಕೆ ಬಾತುಕೋಳಿಯಂತೆ ಓಲಾಡುತ್ತಾ, ಸ್ಟೂಲ್ ಎತ್ತಿಕೊಂಡು, "ಹೋ!" ಎನ್ನುತ್ತಾ ಬಂದ. ಗಂಡ ಕಣ್ಣು ಮುಚ್ಚಿ ಟ್ರಿಗರ್ ಒತ್ತಿದ.

ಸಿಡಿಲು ಹೊಡೆದಂಥ ಸದ್ದು. ಕಿಟಕಿಯ ಗಾಜುಗಳೆಲ್ಲ ಗಲಗಲ ಅಂದವು. ಬಿಳಿಯ ಹೊಗೆ ಬುಸ್ಸನೆ ಎದ್ದು ಇಡೀ ಅಂಗಳವನ್ನು ನುಂಗಿತು. ಹೊಗೆಯೊಳಗೆ ಯಾರೋ ಕೆಮ್ಮಿದರು, ಯಾರೋ ಅಮ್ಮನನ್ನು ಕರೆದರು. ತೂಕದಮ್ಮ, "ರೀ! ರೀ!" ಎಂದು ಕೂಗುತ್ತಾ ಕೈ ಚಾಚಿ ಓಡಿ, ಸಿಕ್ಕವರನ್ನು ಅಪ್ಪಿಕೊಂಡಳು. ಮೀಸೆ ತಗಲಿದ ಮೇಲೆ ಅದು ಉದ್ಯಾನದವರೆಂದು ತಿಳಿದು ಬಿಟ್ಟಳು.

ಹೊಗೆ ಹರಿಯಿತು. ಗಂಡ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ರಿವಾಲ್ವರಿನ ನಳಿಗೆಯ ತುದಿಯಲ್ಲಿ ಏನೋ ಮಿರುಗಿತು. ಸೀಸದ ಗುಂಡು ನಿದ್ದೆಯಿಂದ ಎದ್ದು ಬಾಗಿಲಿಗೆ ಬಂದವರ ಹಾಗೆ ತಲೆ ಹೊರಹಾಕಿ, ಸ್ವಲ್ಪ ತಡೆದು, ಟಪ್ ಎಂದು ಅವನ ಬೂಟಿನ ಮೇಲೆ ಬಿತ್ತು. ಅಲ್ಲಿಂದ ಉರುಳಿ ಕಳ್ಳನ ಪಾದದ ಹತ್ತಿರ ನಿಂತಿತು.

ಕಳ್ಳ ಕಷ್ಟಪಟ್ಟು ಬಗ್ಗಿ ಅದನ್ನೆತ್ತಿ, ಅಂಗಿಗೆ ಒರೆಸಿ, ಕಾವಲುಗಾರನ ಕೈಗೆ ಕೊಟ್ಟ.

"ಭಾವ, ನಿಮ್ಮದು ಬಿತ್ತು."

ತೂಕದಮ್ಮನಿಗೆ ನಗು ಬಂತು. ಇಲಾಖೆಗೆ ಸೇರಿದ ಮೇಲೆ ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಬಿದ್ದುಬಿದ್ದು ನಕ್ಕಳು. ಗಂಡನೂ ನಕ್ಕ, ಕಳ್ಳನೂ ನಕ್ಕ, ಕಿಟಕಿಯ ತಲೆಗಳೂ ನಕ್ಕವು. ನಿಯಮಾಧಿಕಾರಿಗಳು ಮಾತ್ರ ನಗದೆ ಗುಂಡನ್ನು ಭೂತಗನ್ನಡಿಯಲ್ಲಿ ನೋಡಿ, "ಬಂದ ಸ್ಥಿತಿಯಲ್ಲೇ ಇದೆ! ವಾಪಸ್ ಮಾಡಬಹುದು!" ಎಂದು ಘೋಷಿಸಿದರು.

"ಸಾರ್, ನಿಮ್ಮ ಗಡಿಯಾರ," ಎಂದು ಕಳ್ಳ ನಿರ್ದೇಶಕರ ಮುಂದೆ ಕೈ ಚಾಚಿದ. "ಹೊಗೆಯಲ್ಲಿ ಕೈ ತಾನಾಗೇ ಹೋಗಿಬಿಡ್ತು. ಸದಸ್ಯನಾಗಿ ಹಾಗೆ ಮಾಡಬಾರದಿತ್ತು."

ಮಾರನೆಯ ದಿನ ತೂಕದಮ್ಮ ತನ್ನ ಅಭಿಪ್ರಾಯವನ್ನು ಒಂದೇ ಪದದಲ್ಲಿ ಬರೆದಳು: ನಿರುಪಯುಕ್ತ.

ನಿರ್ದೇಶಕರು ಓದಿ ತಲೆದೂಗಿದರು. "ನಿರುಪಯುಕ್ತ ಅಂದ್ರೆ ಯಾರಿಗಮ್ಮ?"

"ಎಲ್ಲರಿಗೂ ಸಾರ್."

"ಹಾಗನ್ನಬಾರದು. ಅದರಿಂದ ಆಕ್ರಮಣಕಾರನಿಗೆ ಏನಾದ್ರೂ ಉಪಯೋಗ ಆಯ್ತಾ?"

"ಇಲ್ಲ."

"ಆಕ್ರಮಣಕಾರನಿಗೆ ಉಪಯೋಗ ಆಗಬಾರದು, ಅದೇ ತಾನೇ ಆತ್ಮರಕ್ಷಣೆ! ಹಾರಿಸಿದವನಿಗೆ ಗಾಯ ಆಯ್ತಾ? ಅಕ್ಕಪಕ್ಕದವರಿಗೆ? ಗುಲಾಬಿಗೆ?"

"ಗುಲಾಬಿ ಇವತ್ತು ಮೊಗ್ಗು ಬಿಟ್ಟಿದೆ ಸಾರ್," ಅಂದರು ಉದ್ಯಾನದವರು.

"ನೋಡಿ. ಇಷ್ಟು ಸುರಕ್ಷಿತವಾದ ತೋಟಾ ಇನ್ನೊಂದು ಇದೆಯಾ? ನಾಳೆಯೇ ವರದಿ ಕೊಡೋಣ, ನಾಡಿದ್ದು ಸಮಿತಿ ಮುಗಿಸೋಣ, ಆಚೆ ನಾಡಿದ್ದು ಗೇಟಿಗೆ ಹಂಚೋಣ."

ತೂಕದಮ್ಮ ಹೊರಗೆ ಬಂದಳು. ಮೆಟ್ಟಿಲ ಮೇಲೆ ಕಳ್ಳ ಕೂತು ಅಂಗಿಗೆ ಅಂಟಿದ ದಾರ ಬಿಡಿಸುತ್ತಿದ್ದ. ಪಕ್ಕದಲ್ಲಿ ಕೂತಳು.

"ಒಂದು ಮಾತು ನಿಜ ಹೇಳಪ್ಪ. ಮತ್ತೆ ಈ ಗೇಟಿಗೆ ಬರ್ತೀಯಾ?"

"ಛೇ, ಛೇ, ಸದಸ್ಯನಾಗಿರೋ ತನಕ ಬರೋದುಂಟಾ ಅಕ್ಕ? ಮರ್ಯಾದೆ ಅಂತ ಒಂದಿಲ್ವಾ?"

"ಸಮಿತಿ ಮುಗಿದ ಮೇಲೆ?"

ಅವನು ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ. "ಮುಗಿದ ಮಾರನೇ ದಿನ ಬರಬೇಕಾಗುತ್ತೆ. ಹೊಟ್ಟೆಪಾಡು. ನಾನೇನೋ ಸ್ಟೂಲಿನವನು ಅಕ್ಕ. ಬೇರೆಯವರ ಕೈಯಲ್ಲಿ ಮಚ್ಚಿದೆ. ಈ ತೋಟಾ ವಿಷಯ ಅವರಿಗೂ ಗೊತ್ತಾಗಿದೆ. ಕಿಟಕಿಯಲ್ಲಿ ಅವರೂ ಇದ್ದರು."

ತೂಕದಮ್ಮ ತುಂಬ ಹೊತ್ತು ಗೇಟಿನ ಕಡೆ ನೋಡುತ್ತಾ ಕೂತಳು. ಅಲ್ಲಿ ಗಂಡ ಒಬ್ಬ ಅಜ್ಜನ ಗುರುತಿನ ಚೀಟಿಯನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸುತ್ತಿದ್ದ. ಅಜ್ಜನಿಗೆ ಬಿಸಿಲು ತಾಗದಂತೆ ತನ್ನ ಟೋಪಿಯನ್ನು ಅವನ ತಲೆಯ ಮೇಲಿಟ್ಟಿದ್ದ. ಇಷ್ಟು ವರ್ಷ ಅವಳು ಎಂದೂ ಸುಳ್ಳು ತೂಕ ಹಾಕಿದವಳಲ್ಲ. ಈಗಲೂ ಹಾಕಬೇಕಿಲ್ಲ ಎಂದು ಥಟ್ಟನೆ ಹೊಳೆಯಿತು. ತೂಗುವುದನ್ನು ನಿಲ್ಲಿಸದಿದ್ದರೆ ಸಾಕು.

ಎದ್ದು ಸೀರೆ ಕೊಡವಿಕೊಂಡು ಸಭಾಂಗಣಕ್ಕೆ ವಾಪಸ್ ಹೋದಳು.

"ಸಾರ್, ತೋಟಾ ಬಹಳ ಚೆನ್ನಾಗಿದೆ," ಅಂದಳು. "ಆದರೆ ಮೌಲ್ಯಮಾಪನ ಮುಗಿದಿಲ್ಲ."

"ಇನ್ನೇನಮ್ಮ ಉಳಿದಿದೆ?"

"ಸ್ಟೂಲಿನವರೊಬ್ಬರ ಮೇಲೆ ಪರೀಕ್ಷೆ ಮಾಡಿದ್ವಿ. ಕುಳ್ಳ ಆಕ್ರಮಣಕಾರರು ಇದ್ದಾರೆ, ಎಡಗೈಯವರು ಇದ್ದಾರೆ, ಗುಂಪಾಗಿ ಬರೋರು ಇದ್ದಾರೆ. ಈಗತಾನೇ ಕಲಿಯೋರು ಇದ್ದಾರೆ. ಅವರನ್ನೆಲ್ಲ ಬಿಟ್ಟು ವರದಿ ಕೊಟ್ಟರೆ ಪಕ್ಷಪಾತ ಆಗಲ್ವಾ?"

ನಿಯಮಾಧಿಕಾರಿಗಳು ನೆಟ್ಟಗೆ ಕೂತರು. "ಆಗುತ್ತೆ! ಘೋರ ಪಕ್ಷಪಾತ!"

ನಿರ್ದೇಶಕರು ಮುಖ ಗಂಟಿಕ್ಕಿದರು. "ಹಾಗೆ ಎಳೀತಾ ಹೋದ್ರೆ ಖರೀದಿ ಯಾವಾಗ್ರೀ?"

"ಖರೀದಿ ಮಾಡಿದ್ರೆ ಒಂದೇ ಸಲ ಮಾಡ್ತೀವಿ ಸಾರ್. ಪರೀಕ್ಷೆ ನಡೀತಾ ಇದ್ರೆ ಪ್ರತಿ ಸಭೆಗೂ ಹೊಸ ಮಾದರಿ ತರಿಸಬೇಕು. ಮಾದರಿಗೆ ದರಪಟ್ಟಿ ಬೇಡ, ಟೆಂಡರ್ ಬೇಡ. ಗುಂಡು ಹೇಗೂ ಕೆಳಗೆ ಬೀಳುತ್ತೆ, ಎತ್ತಿ ವಾಪಸ್ ಕಳಿಸಿದ್ರೆ ಅವರು ಅದನ್ನೇ ಮತ್ತೆ ತುಂಬಿ ಹೊಸದು ಅಂತ ಕಳಿಸಬಹುದು."

ನಿರ್ದೇಶಕರು ಎದ್ದು ಕಿಟಕಿಯ ಹತ್ತಿರ ಹೋಗಿ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದರು. ಆ ಕಡೆಯಿಂದ ಅಳುವೋ ನಗುವೋ ಏನೋ ಕೇಳಿಸಿತು. ಬಂದು ಕೂತು, ಗಂಟಲು ಸರಿಮಾಡಿಕೊಂಡು, ಆತ್ಮರಕ್ಷಣೆಯಂಥ ಗಂಭೀರ ವಿಷಯದಲ್ಲಿ ಅವಸರ ಸಲ್ಲದು ಎಂದು ಅಪ್ಪಣೆ ಕೊಡಿಸಿದರು.

ಸಮಿತಿ ಶಾಶ್ವತವಾಯಿತು. ಪ್ರಕಟಣೆ ಹೊರಟಿತು: "ನಗರದ ಸಮಸ್ತ ಆಕ್ರಮಣಕಾರರ ಗಮನಕ್ಕೆ. ತೋಟಾ ಮೌಲ್ಯಮಾಪನದಲ್ಲಿ ಭಾಗವಹಿಸಲಿಚ್ಛಿಸುವವರು ತಮ್ಮ ಆಯುಧವನ್ನು ಗೇಟಿನಲ್ಲಿ ಒಪ್ಪಿಸಿ, ಎರಡನೇ ಮಹಡಿಗೆ ಬರತಕ್ಕದ್ದು. ಮೌಲ್ಯಮಾಪನ ನಡೆಯುತ್ತಿರುವಾಗ ಸದಸ್ಯರು ಹೊರಗೆ ಆಕ್ರಮಣ ನಡೆಸಿದಲ್ಲಿ ಫಲಿತಾಂಶದ ಮೇಲೆ ಪರಿಣಾಮವಾಗುವುದರಿಂದ ದಿನಭತ್ಯೆ ಕಡಿತಗೊಳಿಸಲಾಗುವುದು."

ಬಂದರು. ಮಚ್ಚಿನವರು ಬಂದರು, ಚೂರಿಯವರು ಬಂದರು, ಬರೀ ಬೈಗುಳದಲ್ಲೇ ದೋಚುತ್ತಿದ್ದ ಒಬ್ಬ ವೃದ್ಧನೂ ಬಂದ. ಸಂಸಾರವಂದಿಗರು, ಮಕ್ಕಳ ಶಾಲೆಯ ಚಿಂತೆಯವರು. ಅಂಗಳದಲ್ಲಿ ಒಬ್ಬೊಬ್ಬರಾಗಿ ಅರ್ಜಿ ಕಟ್ಟಿಸಿಕೊಂಡು "ಹೋ!" ಎಂದು ಓಡಿ ಬರುತ್ತಿದ್ದರು, ಸದ್ದು ಹೊಗೆ ಆಗುತ್ತಿತ್ತು, ಗುಂಡು ಟಪ್ ಅನ್ನುತ್ತಿತ್ತು, ಎತ್ತಿಕೊಟ್ಟು ಊಟಕ್ಕೆ ಹೋಗುತ್ತಿದ್ದರು. ಸಿಬ್ಬಂದಿಯ ಮಕ್ಕಳು ರಜೆಯಲ್ಲಿ ನೋಡಲು ಬರತೊಡಗಿದರು. ನಗರದಲ್ಲಿ ಕಳ್ಳತನ ನಿಂತೇಹೋಯಿತು. ಪತ್ರಿಕೆಗಳು ತೋಟಾವನ್ನು ಹೊಗಳಿ ಬರೆದವು. ಅಪರಿಚಿತವಾಗಿಯೇ ಉಳಿಯಬೇಕಾದ್ದರಿಂದ ಹೆಸರು ಮಾತ್ರ ಹಾಕಲಿಲ್ಲ. ಪೊಲೀಸ್ ಠಾಣೆಯವರು ಕೆಲಸವಿಲ್ಲದೆ ಬೇಜಾರಾಗಿ, ತಮ್ಮನ್ನೂ ವೀಕ್ಷಕರಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದರು. ಆ ಅರ್ಜಿಯನ್ನು ಒಬ್ಬ ಕುಳ್ಳ ಆಕ್ರಮಣಕಾರನ ಹೊಟ್ಟೆಗೆ ಕಟ್ಟಲಾಯಿತು.

ತೂಕದಮ್ಮನಿಗೆ ಅನ್ನ ಇಳಿಯಿತು. ಮೈಯೂ ಸ್ವಲ್ಪ ತುಂಬಿತು. ಗಂಡ ಗೇಟಿನಲ್ಲಿ ನಿಂತು, ಬಂದ ಮಚ್ಚುಗಳಿಗೆ ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸುತ್ತಿದ್ದ.

ಹೀಗಿರುವಾಗ ಸ್ಟೂಲಿನ ಕಳ್ಳ ತಂಗಿಯ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿದ. ಅವನು ಈಗ ಹಿರಿಯ ಸದಸ್ಯ. ಅವನ ಕುರ್ಚಿ ಖಾಲಿ ಬಿಟ್ಟರೆ ಸಭೆ ಊರ್ಜಿತವಾಗುವುದಿಲ್ಲ. ಅವನ ಬದಲಿಗೆ ಒಬ್ಬರು ಬೇಕಾಯಿತು.

"ಆಕ್ರಮಣದ ಅನುಭವ ಇರಬೇಕು," ಅಂದರು ನಿಯಮಾಧಿಕಾರಿಗಳು. "ಮಾಡಿದ್ದೋ ಮಾಡಿಸಿಕೊಂಡದ್ದೋ ಅಂತ ನಿಯಮದಲ್ಲಿ ಸ್ಪಷ್ಟ ಇಲ್ಲ."

ಎಲ್ಲರೂ ತೂಕದಮ್ಮನ ಕಡೆ ನೋಡಿದರು. ತೂಕದಮ್ಮ ಕಿಟಕಿಯಿಂದ ಗೇಟಿನ ಕಡೆ ನೋಡಿದಳು.

"ಗೇಟಿಗೆ ಯಾರು ಹಾಗಾದ್ರೆ?" ಅಂದರು ಉದ್ಯಾನದವರು.

"ಆಕ್ರಮಣಕಾರರೆಲ್ಲ ಒಳಗೇ ಇದ್ದಾರಲ್ರೀ," ಅಂದರು ನಿರ್ದೇಶಕರು. "ಗೇಟಿಗೆ ಯಾಕೆ?"

ಆದೇಶದ ಪ್ರತಿ ಮನೆಗೆ ಬಂದ ದಿನ ಅತ್ತೆ ಅದನ್ನು ಸೊಸೆಯ ಕೈಯಲ್ಲಿ ಎರಡು ಸಲ ಓದಿಸಿಕೊಂಡರು. ಆಮೇಲೆ ಓಣಿಯ ತುದಿಯವರೆಗೂ ಹೋಗಿ, ಬಾಗಿಲಲ್ಲಿ ಕಂಡವರಿಗೆಲ್ಲ ಹೇಳಿದರು: "ನಮ್ಮ ಹುಡುಗನಿಗೆ ಬಡ್ತಿಯಾಯ್ತು ಕಣ್ರೀ. ಇನ್ನು ಬಿಸಿಲಲ್ಲಿ ನಿಲ್ಲೋ ಹಾಗಿಲ್ಲ, ಪೆಟ್ಟು ತಿನ್ನೋ ಹಾಗಿಲ್ಲ. ಪ್ರಭಾರ ಆಕ್ರಮಣಕಾರ!" ಓಣಿಯವರು ಸಂತೋಷಪಟ್ಟರು. ಎದುರುಮನೆಯಾಕೆ, ತನ್ನ ಮೈದುನನಿಗೂ ಅಲ್ಲೆಲ್ಲಾದರೂ ಒಂದು ಸಣ್ಣ ದರೋಡೆಯ ಕೆಲಸ ಸಿಕ್ಕೀತೇ ಎಂದು ವಿಚಾರಿಸಿದಳು. ನೋಡೋಣ, ಸೊಸೆಗೆ ಹೇಳುತ್ತೇನೆ ಎಂದರು ಅತ್ತೆ.

ಮೊದಲ ದಿನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೆತ್ತೆ ಹಾಕಿದ ಕುರ್ಚಿಯಲ್ಲಿ ತುದಿಗೆ ಕೂತಿದ್ದ. ಭುಜವನ್ನು ಒರಗಿಸಬಹುದೆಂದು ತಿಳಿದ ಮೇಲೆ ಮೆಲ್ಲಗೆ ಒರಗಿದ. ನಿರ್ದೇಶಕರು ಮಖಮಲ್ಲಿನ ಪೆಟ್ಟಿಗೆ ತೆರೆದು ಬೆರಗಾದರು. ತೂಕದಮ್ಮ ಕನ್ನಡಕ ಏರಿಸಿ ಹಾಜರಿ ಕೂಗತೊಡಗಿದಳು.

"ಆಕ್ರಮಣಕಾರರು?"

"ಹಾಜರ್!" ಅಂದ ಗಂಡ.

ಕಿಟಕಿಯ ಗಾಜು ಗಲಗಲ ಅಂದಿತು. ನಿಯಮಾಧಿಕಾರಿಗಳು ಬೆಚ್ಚಿ ನಿಯಮಾವಳಿಯನ್ನು ಎದೆಗೆ ಅವುಚಿಕೊಂಡರು. ಮನೆಯಲ್ಲಿ ಅವನು ಎಂದೂ ಇಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ತೂಕದಮ್ಮ ಕತ್ತೆತ್ತದೆ, ತುಟಿ ಕಚ್ಚಿ ನಗು ತಡೆದುಕೊಂಡು, ಅವನ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನವರನ್ನು ಕರೆದಳು.